ಸೈಲಸ್‌ನ ಮೈಲಿ

ತಾನಿಸ್‌ಗೆ ವಿಮಾನ ಹತ್ತುವ ಮನಸ್ಸಿರಲಿಲ್ಲ. ಚೀಲ ತಕ್ಕಡಿಯ ಮೇಲಿತ್ತು, ಟಿಕೆಟ್ಟು ಜರ್ಕಿನ್ನಿನ ಜೇಬಿನಲ್ಲಿತ್ತು, ಹೊರಗೆ ಮಂಗಳವಾರದ ವಿಮಾನ ಒಂದು ಎಂಜಿನ್ನನ್ನು ಆರಿಸದೆ ಕಾಯುತ್ತಿತ್ತು. ಅವಳು ಮಾತ್ರ ಬೆಂಚಿನಿಂದ ಏಳಲಿಲ್ಲ. ಎರಡೂ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು, ನೆಲದ ಮೇಲಿನ ಒದ್ದೆ ಬೂಟಿನ ಗುರುತುಗಳನ್ನು ನೋಡುತ್ತ ಕೂತಿದ್ದಳು.

"ಚೀಲ ಹದಿನಾಲ್ಕು ಕಿಲೋ," ಎಂದ ಕೌಂಟರಿನ ಹೆನ್ರಿ. "ಈಗ ನೀನು ಬಾಮ್ಮ. ಇಬ್ಬರಿದ್ದೀರಿ ಅಂತ ಎರಡು ಟಿಕೆಟ್ ಏನೂ ಕೇಳಲ್ಲ."

ಆಟರ್ ನೆಕ್‌ನ ವಿಮಾನ ನಿಲ್ದಾಣವೆಂದರೆ ಜಲ್ಲಿಯ ರನ್‌ವೇ, ಅದರ ಪಕ್ಕದಲ್ಲಿ ಒಂದು ಕೋಣೆ, ಕೋಣೆಯೊಳಗೆ ಒಂದು ಬೆಂಚು, ಒಂದು ತಕ್ಕಡಿ, ಹೆನ್ರಿ. ಗೋಡೆಯಾಚೆ ತಾನಿಸ್‌ಳ ಅಪ್ಪ ಸೈಲಸ್‌ನ ರೇಡಿಯೋ ಕೋಣೆ. ಚಿಕ್ಕ ವಿಮಾನವಾದ್ದರಿಂದ ಹತ್ತುವ ಮನುಷ್ಯರನ್ನೂ ಸಾಮಾನಿನಂತೆ ತೂಗಿಯೇ ಹತ್ತಿಸುವುದು. ಊರಿನ ಹೆಂಗಸರು ಹೆನ್ರಿಗೆ ಬೈಯುತ್ತಲೇ ತಕ್ಕಡಿ ಹತ್ತುತ್ತಿದ್ದರು.

"ನಾನು ಹೋಗಲ್ಲ," ಎಂದಳು ತಾನಿಸ್.

"ಹೋಗಲ್ಲ ಅಂದ್ರೆ?" ಅವಳ ತಾಯಿ ಲೋರ್ನಾ ಬಾಗಿಲ ಹತ್ತಿರವೇ ನಿಂತಿದ್ದಳು. "ಮೂವತ್ತೇಳು ವಾರ ಆಯ್ತು. ಹೆರಿಗೆಗೆ ಎಲ್ಲರೂ ಮೆಕ್‌ಲಾರನ್ ಆಸ್ಪತ್ರೆಗೇ ಹೋಗ್ತಾರೆ."

"ಮೇವಿಸ್ ಅಲ್ಲಿ ಐದು ವಾರ ಇದ್ಲು. ದಿನಾ ಸಂಜೆ ಪ್ಯಾಕೆಟ್ ನೂಡಲ್ಸ್ ತಿಂದು ಗೋಡೆ ನೋಡ್ಕೊಂಡು ಕೂತಿದ್ಲಂತೆ. ಹೆರಿಗೆ ಹೊತ್ತಲ್ಲಿ ಕೈ ಹಿಡ್ಕೊಳ್ಳೋಕೆ ಒಬ್ಬರೂ ಇರ್ಲಿಲ್ಲ. ಕೊನೆಗೆ ನೆಲ ಒರೆಸೋಳ ಕೈ ಹಿಡ್ಕೊಂಡ್ಲಂತೆ. ನನ್ನ ಮಗು ಇಲ್ಲೇ ಹುಟ್ಲಿ. ನಿನ್ನ ಅಜ್ಜಿ ಇದೇ ಊರಲ್ಲಿ ಎಷ್ಟು ಹೆರಿಗೆ ಮಾಡ್ಸಿಲ್ಲ?"

"ಎಷ್ಟು ಹೂತಿದಾಳೆ ಅನ್ನೋದನ್ನೂ ಕೇಳ್ಬೇಕಿತ್ತು ಅವಳನ್ನ."

ಕಿಟಕಿಯ ಹತ್ತಿರ ನಿಂತಿದ್ದ ವೆಸ್ಲಿ ಇಬ್ಬರ ಮುಖವನ್ನೂ ನೋಡಲಿಲ್ಲ. ಹೊಟ್ಟೆಯಲ್ಲಿದ್ದ ಮಗು ಅವನದು. ಊರಿನ ಅಂಗಡಿಯಲ್ಲಿ ಸಾಮಾನು ಇಳಿಸುವ ಕೆಲಸ. ಜೊತೆಗೆ ಹೋಗೋಣವೆಂದರೆ ಅವನ ಟಿಕೆಟ್ಟಿಗೆ ಸರ್ಕಾರ ದುಡ್ಡು ಕೊಡುತ್ತಿರಲಿಲ್ಲ.

ಅಷ್ಟರಲ್ಲಿ ಸೈಲಸ್ ತನ್ನ ಕೋಣೆಯಿಂದ ಹೊರಬಂದ. ಮಗಳು ತಲೆಯೆತ್ತಿ ಅವನನ್ನು ನೋಡಿದಳು. ಚಿಕ್ಕಂದಿನಲ್ಲಿ ಶಾಲೆಗೆ ಹೋಗೋದಿಲ್ಲ ಎನ್ನುವಾಗಲೂ ಹೀಗೆಯೇ ನೋಡುತ್ತಿದ್ದಳು, ಅವನು ಹೂಂ ಅನ್ನುವವರೆಗೆ.

"ಎಷ್ಟು ದೂರ ಅಪ್ಪಾ ಮೆಕ್‌ಲಾರನ್?" ಎಂದು ಕೇಳಿದಳು, ಗೊತ್ತಿದ್ದೂ.

"ನಲವತ್ತು ನಿಮಿಷ."

ಊರಿನಲ್ಲಿ ಯಾರನ್ನು ಕೇಳಿದರೂ ಅದೇ ಉತ್ತರ. ಇನ್ನೂರ ಹತ್ತು ಕಿಲೋಮೀಟರ್ ಎಂದು ಯಾರೂ ಹೇಳುತ್ತಿರಲಿಲ್ಲ. ಕೆರೆ ಗಟ್ಟಿಯಾದ ಮೇಲೆ ಎರಡು ತಿಂಗಳು ಹಿಮಗಡ್ಡೆಯ ಮೇಲೊಂದು ರಸ್ತೆ ಬೀಳುತ್ತಿತ್ತು. ಉಳಿದ ಹತ್ತು ತಿಂಗಳು ಊರಿಗೂ ಹೊರಗಿನ ಲೋಕಕ್ಕೂ ಇದ್ದ ನಂಟೆಂದರೆ ಈ ನಲವತ್ತು ನಿಮಿಷ. ಹಲ್ಲು ಕೀಳಿಸಲು ನಲವತ್ತು ನಿಮಿಷ, ನ್ಯಾಯಾಲಯಕ್ಕೆ ನಲವತ್ತು ನಿಮಿಷ. ಗಂಡನ ಮೇಲೆ ಮುನಿಸಿಕೊಂಡ ಹೆಂಗಸು, ನಲವತ್ತು ನಿಮಿಷದಲ್ಲಿ ನನ್ನ ತಾಯಿ ಮನೇಲಿರ್ತೀನಿ ಎಂದು ಹೆದರಿಸುತ್ತಿದ್ದಳು. ಹೇಳಿ ಹೇಳಿ ಅದು ಪಕ್ಕದ ಬೀದಿಯಷ್ಟು ಹತ್ತಿರವಾಗಿಬಿಟ್ಟಿತ್ತು.

ಸೈಲಸ್ ತಕ್ಕಡಿಯ ಮೇಲಿದ್ದ ಚೀಲವನ್ನು ಎತ್ತಿ ಕೆಳಗಿಟ್ಟ.

"ನೋವು ಶುರುವಾದ ತಕ್ಷಣ ಕರೆಸೋಣ. ರನ್‌ವೇ ಮೇಲೆ ನಾನೇ ಇರ್ತೀನಿ. ನಲವತ್ತು ನಿಮಿಷದ ದಾರಿಗೆ ಮೂರು ವಾರ ಮುಂಚೆ ಹೋಗಿ ಕೂರೋದು ಯಾವ ನ್ಯಾಯ?"

ತಾನಿಸ್ ನಕ್ಕಳು. ವೆಸ್ಲಿಯೂ ನಕ್ಕ. ಹೆನ್ರಿ ಹೊರಗೆ ಹೋಗಿ, ಹತ್ತುವವರು ಯಾರೂ ಇಲ್ಲವೆಂದು ಪೈಲಟ್‌ಗೆ ಕೈಯಾಡಿಸಿದ.

"ನಿನ್ನ ಮೈಲಿ ಹಾಗೇ ನಿನ್ನ ನಿಮಿಷನೂ," ಎಂದಳು ಲೋರ್ನಾ ಗಂಡನಿಗೆ. "ಬೇಕಾದಾಗ ಎಳೀತೀಯ, ಬೇಡವಾದಾಗ ಮಡಚ್ತೀಯ."

ಆ ಮೈಲಿಯ ವಿಷಯ ಊರಿಗೆಲ್ಲ ಗೊತ್ತಿತ್ತು. ರೇಡಿಯೋ ಕೋಣೆಯ ಕಿಟಕಿಯಿಂದ ಎಷ್ಟು ದೂರ ಕಾಣುತ್ತದೆಂದು ನೋಡಿ, ಬರುವ ವಿಮಾನಕ್ಕೆ ಹೇಳುವುದೇ ಸೈಲಸ್‌ನ ಕೆಲಸ. ಅದಕ್ಕೆ ಗುರುತುಗಳಿದ್ದವು. ಡೀಸೆಲ್ ಡ್ರಮ್ಮುಗಳ ಶೆಡ್ಡು ಕಂಡರೆ ಕಾಲು ಮೈಲಿ. ಚರ್ಚಿನ ಶಿಲುಬೆ ಕಂಡರೆ ಅರ್ಧ. ಕೆರೆಯ ಮೂಲೆಯಲ್ಲಿ ನಾಲ್ಕು ಕಾಲಿನ ಮೇಲೆ ನಿಂತ ನೀರಿನ ಟ್ಯಾಂಕ್ ಕಂಡರೆ ಒಂದು ಮೈಲಿ. ಒಂದು ಮೈಲಿಯಿದ್ದರೆ ವಿಮಾನ ಇಳಿಯುತ್ತದೆ, ಇಲ್ಲದಿದ್ದರೆ ಬಂದ ದಾರಿ ಹಿಡಿಯುತ್ತದೆ.

ಕೆಲವು ದಿನ ಟ್ಯಾಂಕ್ ಕಾಣುತ್ತಿರಲಿಲ್ಲ. ಆದರೂ ಸೈಲಸ್‌ಗೆ ಕಾಣುತ್ತಿತ್ತು. ಹಾಕಿ ಆಡಿ ಗೆದ್ದ ಹುಡುಗರ ವಿಮಾನ ಮೇಲೆ ಸುತ್ತುತ್ತಿದ್ದಾಗ ಕಂಡಿತ್ತು. ಮುದುಕಿ ಹ್ಯಾರಿಯೆಟ್‌ಳ ಶವ ಎರಡು ದಿನದಿಂದ ಮೆಕ್‌ಲಾರನ್‌ನಲ್ಲಿ ಉಳಿದು, ಇಲ್ಲಿ ಗುಂಡಿ ತೋಡಿಟ್ಟವರು ಕಾಯುತ್ತಿದ್ದಾಗ ಕಂಡಿತ್ತು. ಹೋದ ಕ್ರಿಸ್ಮಸ್‌ಗೆ ಇಡೀ ಊರಿನ ಹಬ್ಬದ ಸಾಮಾನು ಹೊತ್ತ ವಿಮಾನಕ್ಕೂ ಕಂಡಿತ್ತು. ಅವನಿಗೆ ಯಾರೂ ಲಂಚ ಕೊಡಲಿಲ್ಲ. ಹೆಂಗಸರು ಬಿಸಿ ಬ್ಯಾನಕ್ ರೊಟ್ಟಿ ತಂದಿಟ್ಟು ಹೋಗುತ್ತಿದ್ದರು, ಅಷ್ಟೆ. ಕಾಲಿಂಚು ಸುಳ್ಳು ಎಂದು ಅವನು ಅಂದುಕೊಂಡಿದ್ದ. ಪೈಲಟ್‌ಗಳು ಅದನ್ನು ಸೈಲಸ್‌ನ ಮೈಲಿ ಎನ್ನುತ್ತಿದ್ದರು. ಅವನು ಒಂದು ಅಂದರೆ ಅರ್ಧ ಎಂದು ತಿಳಿದುಕೊಳ್ಳುತ್ತಿದ್ದರು.

ಕ್ರಿಸ್ಮಸ್ ದಿನದ ಆ ವಿಮಾನ ತಂದವನು ಗ್ರೆಗ್. ಇಳಿದ ಮೇಲೆ ಅವನು ರೇಡಿಯೋ ಕೋಣೆಗೆ ಬಂದು ಒಂದು ಲೋಟ ಕಾಫಿ ಕುಡಿದ. "ಸ್ಪ್ರೂಸ್ ಮರದ ತುದಿ ಚಕ್ರಕ್ಕೆ ತಾಗ್ತು ಸೈಲಸ್," ಎಂದಿದ್ದ. ಆಮೇಲೆ ಹೆನ್ರಿ ಅವನಿಗೆ ಹಬ್ಬದ ಟರ್ಕಿ ಕೋಳಿಯೊಂದನ್ನು ಕೊಟ್ಟು ಕಳಿಸಿದ್ದ. ಎಲ್ಲರೂ ನಕ್ಕಿದ್ದರು.

ತಾನಿಸ್ ವಿಮಾನ ಹತ್ತಲಿಲ್ಲವೆಂದು ತಿಳಿದಾಗ ನರ್ಸ್ ಮೋರೀನ್ ಫೋನ್ ಮಾಡಿದಳು. ಊರಿನಲ್ಲಿ ವೈದ್ಯರಿಲ್ಲ, ಆರೋಗ್ಯ ಕೇಂದ್ರದಲ್ಲಿ ಇದ್ದದ್ದು ಮೋರೀನ್ ಮತ್ತು ಇನ್ನೊಬ್ಬಳು.

"ಬರೋ ಮಂಗಳವಾರ ಅವಳು ಹೋಗ್ಲೇಬೇಕು. ನೀವೂ ಸೇರ್ಕೊಂಡು ಹೀಗೆ ಮಾಡ್ತೀರಿ ಅಂದ್ಕೊಂಡಿರ್ಲಿಲ್ಲ ಸೈಲಸ್."

"ನೋಡೋಣ," ಎಂದ ಅವನು.

ಸೋಮವಾರ ಬೆಳಿಗ್ಗೆ ಕೆರೆಯ ಮೇಲಿಂದ ಮಂಜು ಎದ್ದಿತ್ತು. ಅಕ್ಟೋಬರ್ ಕೊನೆಯೆಂದರೆ ಹಾಗೆಯೇ. ನೀರಿನ್ನೂ ಹೆಪ್ಪುಗಟ್ಟಿಲ್ಲ, ಗಾಳಿ ಮಾತ್ರ ಕೊರೆಯುತ್ತದೆ. ಕೆರೆ ದೊಡ್ಡ ಹಂಡೆಯಂತೆ ಹೊಗೆಯಾಡುತ್ತದೆ. ಸೈಲಸ್ ಕೆಲಸಕ್ಕೆ ಹೊರಡಲು ಬೂಟಿನ ದಾರ ಕಟ್ಟುತ್ತಿದ್ದ. ತಾನಿಸ್ ಅಡುಗೆಮನೆಯಲ್ಲಿ ಕೆಟಲ್ ಇಡಲು ಹೋದವಳು ಅಲ್ಲೇ ನಿಂತಳು.

"ಅಮ್ಮಾ," ಎಂದಳು. ಮೆಲ್ಲಗೆ, ಏನೋ ಚೆಲ್ಲಿಬಿಟ್ಟೆ ಎನ್ನುವಂತೆ.

ಕಾಲಿನ ಹತ್ತಿರ ರಕ್ತವಿತ್ತು. ಸ್ವಲ್ಪವಲ್ಲ. ಕೆಟಲ್ ಅವಳ ಕೈಯಲ್ಲೇ ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದವಳಂತೆ ಅತ್ತಿತ್ತ ನೋಡಿದಳು. ಲೋರ್ನಾ ಬಂದು ಮೊದಲು ಕೆಟಲ್ ತೆಗೆದುಕೊಂಡಳು.

ಆರೋಗ್ಯ ಕೇಂದ್ರದಲ್ಲಿ ಮೋರೀನ್ ಹೊಟ್ಟೆಯ ಮೇಲೆ ಕೈಯಿಟ್ಟವಳು ತಕ್ಷಣ ತೆಗೆದಳು. "ಹಲಗೆ ಥರ ಗಟ್ಟಿಯಾಗಿದೆ," ಎಂದಳು ಇನ್ನೊಬ್ಬ ನರ್ಸ್‌ಗೆ. ಪುಟ್ಟ ಯಂತ್ರವೊಂದನ್ನು ಹೊಟ್ಟೆಗೆ ಒತ್ತಿ ಹಿಡಿದಾಗ ಕುದುರೆ ಓಡಿದಂತೆ ಮಗುವಿನ ಎದೆಬಡಿತದ ಸದ್ದು ಕೇಳಿಸಿತು. ವೆಸ್ಲಿ ಜೋರಾಗಿ ಉಸಿರು ಬಿಟ್ಟ.

"ಮಗು ಇದೆ," ಎಂದಳು ಮೋರೀನ್. "ಒಳಗೆ ಮಾಸು ಬಿಟ್ಕೊಳ್ತಾ ಇದೆ. ಇಲ್ಲಿ ನಾನೇನೂ ಮಾಡೋಕಾಗಲ್ಲ. ಕೊಯ್ದು ತೆಗೀಬೇಕು. ವಿಮಾನ ಬೇಕು, ಈಗಲೇ."

"ನಲವತ್ತು ನಿಮಿಷ," ಎಂದ ಸೈಲಸ್ ಮಗಳಿಗೆ. "ನಾನು ಹೋಗಿ ಇಳಿಸ್ಕೊಳ್ತೀನಿ."

ತಾನಿಸ್ ತಲೆಯಾಡಿಸಿದಳು. ನಂಬಿದಳು.

ರೇಡಿಯೋ ಕೋಣೆಗೆ ಬಂದು ಕೂತ ಮೇಲೆ ಅವನಿಗೆ ತಿಳಿದದ್ದು, ಆ ನಲವತ್ತು ನಿಮಿಷ ಇನ್ನೂ ಶುರುವೇ ಆಗಿಲ್ಲವೆಂದು. ಮೆಕ್‌ಲಾರನ್‌ನಲ್ಲಿ ಆಂಬುಲೆನ್ಸ್ ವಿಮಾನ ಆಗಷ್ಟೇ ಬೇರೆ ಊರಿನಿಂದ ಬಂದಿತ್ತು. ಇಂಧನ ತುಂಬಬೇಕು, ರೆಕ್ಕೆಯ ಮೇಲಿನ ಹಿಮ ಕರಗಿಸಬೇಕು, ಜೊತೆಗೆ ಬರುವ ನರ್ಸ್ ಆಸ್ಪತ್ರೆಯಿಂದ ಬರಬೇಕು. ಇಷ್ಟು ವರ್ಷ ಅವನು ಎಣಿಸಿದ್ದು ಚಕ್ರ ನೆಲ ಬಿಟ್ಟಲ್ಲಿಂದ ಚಕ್ರ ನೆಲ ಮುಟ್ಟುವವರೆಗೆ. ಅದಕ್ಕೆ ಮೊದಲಿನದು ಎಂದೂ ಅವನ ಲೆಕ್ಕದಲ್ಲಿರಲಿಲ್ಲ, ಊರಿನ ಯಾರ ಲೆಕ್ಕದಲ್ಲೂ ಇರಲಿಲ್ಲ. ಬರಿದೇ ಒಂದು ಗಂಟೆಗೂ ಮೇಲೆ ಹೋಯಿತು.

ಮೆಕ್‌ಲಾರನ್‌ನಿಂದ ಕೇಳಿದರು, "ಅಲ್ಲಿ ಎಷ್ಟು ಕಾಣ್ತಿದೆ?"

ಚರ್ಚಿನ ಶಿಲುಬೆಯಷ್ಟೇ ಕಾಣುತ್ತಿತ್ತು. ನಾಲಿಗೆಯ ತುದಿಗೆ ಬಂದಿದ್ದ ಮೈಲಿಯನ್ನು ಸೈಲಸ್ ನುಂಗಿದ. ಇವತ್ತು ಕಂಡದ್ದನ್ನೇ ಹೇಳಬೇಕು ಎಂದುಕೊಂಡ. ಸುಳ್ಳು ಹೇಳಿ ವಿಮಾನ ಮರಕ್ಕೆ ಬಡಿದರೆ ಮಗಳನ್ನು ಕರೆದೊಯ್ಯುವವರು ಯಾರು?

"ಅರ್ಧ," ಎಂದ. "ಮಂಜು ಮೇಲೇಳ್ತಾ ಇದೆ. ನೀವು ಬರೋ ಹೊತ್ತಿಗೆ ಸರಿಹೋಗುತ್ತೆ."

ವಿಮಾನ ಹೊರಟಿತು. ಸೈಲಸ್ ಕಿಟಕಿ ಬಿಟ್ಟು ಕದಲಲಿಲ್ಲ. ಗಾಜಿನ ಮೇಲೆ ಅವನದೇ ಉಸಿರು ಕಟ್ಟುತ್ತಿತ್ತು, ಒರೆಸುತ್ತಿದ್ದ. ಕೆರೆಯ ಮೂಲೆಯಲ್ಲಿ ಬಿಳಿ ಗೋಡೆ ನಿಂತಿತ್ತು. ಆಮೇಲೆ ಗೋಡೆಯಲ್ಲಿ ಒಂದು ಕಪ್ಪು ಗೆರೆ ಮೂಡಿತು. ಅದು ಟ್ಯಾಂಕಿನ ಒಂದು ಕಾಲು. ಇನ್ನೊಂದು ಮೂಡಿತು. ಮಂಜು ನೆಲ ಬಿಟ್ಟು ಮೇಲೇಳುತ್ತಿತ್ತು, ಯಾರೋ ಕಂಬಳಿ ಎತ್ತಿದಂತೆ. ನಾಲ್ಕು ಕಾಲೂ ಕಂಡವು. ಹೊಟ್ಟೆ ಕಂಡಿತು, ಹೊಟ್ಟೆಯ ಮೇಲೆ ಹುಡುಗರು ಬಣ್ಣದಲ್ಲಿ ಬರೆದ ಹೆಸರುಗಳು ಕಂಡವು, ತುದಿಯ ಕೆಂಪು ದೀಪ ಕಂಡಿತು. ಸೈಲಸ್ ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಅಲ್ಲೇ ಇತ್ತು. ಮೇಲೆ ಮಾತ್ರ ಮಂಜು ಸೂರಿನಂತೆ ಕವಿದಿತ್ತು. ಅದರ ಮೇಲಿನಿಂದ ನೋಡುವವರಿಗೆ ಬರೀ ಹತ್ತಿ.

ಎಂಜಿನ್ ಸದ್ದು ಬಂತು. ರೇಡಿಯೋ ಕರೆಯಿತು. ಗ್ರೆಗ್‌ನ ಗಂಟಲು.

"ಆಟರ್ ನೆಕ್, ನಿಮ್ಮ ತಲೆ ಮೇಲಿದೀವಿ. ಏನು ಕಾಣ್ತಿದೆ ಸೈಲಸ್?"

"ಒಂದು ಮೈಲಿ. ಟ್ಯಾಂಕ್ ಕಾಣ್ತಿದೆ, ಬುಡದಿಂದ ತಲೆವರೆಗೂ."

"ಯಾರ ಮೈಲಿ?"

ದಿನಾ ಕೇಳುವ ತಮಾಷೆ ಅದು. ನಮ್ಮಿಬ್ಬರದೂ ಎಂದು ಸೈಲಸ್ ಹೇಳಬೇಕು, ಇಬ್ಬರೂ ನಗಬೇಕು.

"ನಿಜವಾದ ಮೈಲಿ ಗ್ರೆಗ್."

"ಯಾವಾಗ್ಲೂ ಅದನ್ನೇ ಅಲ್ವಾ ನೀನು ಹೇಳೋದು? ಹೊರಡೋವಾಗ ಅರ್ಧ ಅಂದೆ. ನಿನ್ನ ಅರ್ಧ ಅಂದ್ರೆ ಏನೂ ಇಲ್ಲ ಅಂದ್ಕೊಂಡೇ ಬಂದೆ. ಈಗ ಒಂದು ಅಂದ್ರೆ ಅರ್ಧ. ಕೆಳಗೆ ನನಗೆ ಒಂದು ಮರ ಕೂಡ ಕಾಣ್ತಿಲ್ಲ. ಸ್ವಲ್ಪ ಹೊತ್ತು ಸುತ್ತಿ ನೋಡ್ತೀನಿ."

ಅವನು ಸುತ್ತಿದ. ಸದ್ದು ದಕ್ಷಿಣಕ್ಕೆ ಹೋಗಿ, ತಿರುಗಿ, ತಲೆಯ ಮೇಲೆ ಹಾದು, ಮತ್ತೆ ಹೋಯಿತು. ಹೆನ್ರಿ ಓಡಿಬಂದ. ವಿಮಾನದವರ ಮಾತು ಊರಿನ ಎಲ್ಲ ಅಡುಗೆಮನೆಗಳ ರೇಡಿಯೋದಲ್ಲೂ ಕೇಳುತ್ತದೆ. ಅಷ್ಟು ಹೊತ್ತಿಗೆ ಇಡೀ ಊರು ಕೆಲಸ ಬಿಟ್ಟು ಕೇಳುತ್ತಿತ್ತು. ಹೆನ್ರಿ ಕಿಟಕಿಗೆ ಮುಖ ಒತ್ತಿದ.

"ಟ್ಯಾಂಕ್ ಕಾಣ್ತಿದೆಯಲ್ಲೋ! ಅವನಿಗೇನು ಬಂದಿರೋದು?" ಸೈಲಸ್‌ನ ಕೈಯಿಂದ ಮೈಕ್ ಕಸಿದುಕೊಂಡ. "ಗ್ರೆಗ್, ನಾನು ಹೆನ್ರಿ. ನನ್ನ ಕಣ್ಣಲ್ಲೇ ನೋಡ್ತಿದೀನಿ. ದೇವರಾಣೆ ಕಾಣ್ತಿದೆ."

"ಹೆನ್ರಿ, ಟರ್ಕಿ ಬರ್ಲಿ ಅಂತ ಹೋದ ಕ್ರಿಸ್ಮಸ್‌ಗೆ ದೇವರಾಣೆ ಇಟ್ಟೋನು ನೀನೇ."

ಹೆನ್ರಿ ಮೈಕನ್ನು ಮೇಜಿನ ಮೇಲಿಟ್ಟ.

ಸೈಲಸ್ ಮೈಕ್ ತೆಗೆದುಕೊಂಡ. ಇಂಥ ವಿಮಾನದ ಪೈಲಟ್‌ಗೆ ರೋಗಿ ಯಾರು, ಏನಾಗಿದೆ ಎಂದು ಹೇಳಬಾರದು. ಹೇಳಿದರೆ ಇಳಿಯಬಾರದ ಕಡೆ ಇಳಿಯಲು ಹೋಗುತ್ತಾರೆಂದು ಹಾಗೊಂದು ಕಟ್ಟಳೆ. ಸೈಲಸ್ ಅದನ್ನು ಒಮ್ಮೆಯೂ ಮುರಿದವನಲ್ಲ.

"ಗ್ರೆಗ್. ಇಲ್ಲಿ ಕಾಯ್ತಿರೋದು ತಾನಿಸ್. ನನ್ನ ಮಗಳು."

ರೇಡಿಯೋದಲ್ಲಿ ಗರಗರ ಸದ್ದು ಮಾತ್ರ. ಸೈಲಸ್ ಕಾದ. ಹೆನ್ರಿ ಅವನ ತೋಳು ಹಿಡಿದುಕೊಂಡಿದ್ದ. ಕೊನೆಗೆ ಬಂದ ಧ್ವನಿ ಮೆತ್ತಗಿತ್ತು. ಅದು ಸೈಲಸ್‌ಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

"ನೀನಿದನ್ನ ಹೇಳಬಾರದಿತ್ತು."

"ಹೇಳಿದೀನಿ ಈಗ. ಇಳಿ."

"ನಿನ್ನ ಮೈಲಿನ ನಾನೀಗ ಹೇಗಪ್ಪಾ ನಂಬ್ಲಿ? ನನ್ನ ಮಗಳಾಗಿದ್ರೆ ನಾನು ಹತ್ತು ಮೈಲಿ ಅಂತಿದ್ದೆ. ನನ್ನ ಹಿಂದೆ ಇಬ್ಬರಿದಾರೆ ಸೈಲಸ್. ಅವರಿಗೂ ಮನೆ ಇದೆ. ಇಂಧನ ವಾಪಸ್ ಹೋಗೋಕಷ್ಟೇ ಉಳಿದಿದೆ. ತುಂಬಿಸ್ಕೊಂಡು ಬರ್ತೀನಿ."

"ಗ್ರೆಗ್, ಟ್ಯಾಂಕ್ ಮೇಲೆ ಬರೆದಿರೋ ಹೆಸರು ಓದ್ಲಾ? ಓದ್ತೀನಿ ಕೇಳು. ಡ್ವೇನ್. ಕ್ರಿಸ್ಟಲ್. ಆಮೇಲೆ—"

"ಆ ಹೆಸರುಗಳು ನಿನಗೆ ಬಾಯಿಪಾಠ. ನನಗೂ."

ಸದ್ದು ದಕ್ಷಿಣಕ್ಕೆ ಹೋಯಿತು. ಈ ಸಲ ತಿರುಗಲಿಲ್ಲ.

ಸೈಲಸ್ ನಿಂತೇ ಇದ್ದ. ಮೈಕಿನ ಗುಂಡಿಯನ್ನು ಅವನ ಹೆಬ್ಬೆರಳು ಇನ್ನೂ ಒತ್ತಿ ಹಿಡಿದಿತ್ತು. ಊರಿನ ಅಡುಗೆಮನೆಗಳಲ್ಲಿ ಅವನ ಉಸಿರು ಕೇಳುತ್ತಿತ್ತು. ಹೆನ್ರಿ ಒಂದೊಂದೇ ಬೆರಳು ಬಿಡಿಸಿದ.

"ಇನ್ನೇನು, ಈಗ ಬರ್ತಾನೆ," ಎಂದ ಹೆನ್ರಿ. "ಹೋಗೋಕೆ ನಲವತ್ತು, ಬರೋಕೆ ನಲವತ್ತು."

ಹೇಳಿಯಾದ ಮೇಲೆ ತಾನು ಹೇಳಿದ್ದು ಅವನ ಕಿವಿಗೂ ಬಿತ್ತು. ಅಲ್ಲೇ ಗೋಡೆಗೊರಗಿ ಕೂತ.

ಕಾಲು ಗಂಟೆಯಲ್ಲಿ ಮಂಜಿನ ಸೂರು ಒಡೆಯಿತು. ಟ್ಯಾಂಕಿನಾಚೆಯ ದ್ವೀಪ ಕಂಡಿತು. ದ್ವೀಪದಾಚೆಯ ದಡ ಕಂಡಿತು. ಕೆರೆ ನೀಲಿಯಾಯಿತು. ಸೈಲಸ್ ಅದನ್ನು ಮೆಕ್‌ಲಾರನ್‌ಗೆ ಹೇಳಿದ, ಹೇಳುವುದು ಅವನ ಕೆಲಸ. ಗ್ರೆಗ್‌ಗೂ ಕೇಳಿಸಿತು. ಅರ್ಧ ದಾರಿ ಮುಟ್ಟುತ್ತಿದ್ದವನು "ಗೊತ್ತಾಯ್ತು" ಎಂದಷ್ಟೇ ಅಂದ. ತಿರುಗಿದರೆ ಇಳಿಯಬಹುದಿತ್ತು, ಮತ್ತೆ ಏರಲು ಇಂಧನವಿರುತ್ತಿರಲಿಲ್ಲ. ಆಟರ್ ನೆಕ್‌ನಲ್ಲಿ ಆ ಇಂಧನ ಸಿಗುತ್ತಿರಲಿಲ್ಲ.

ಫೋನ್ ಬಡಿದುಕೊಂಡಿತು. ಲೋರ್ನಾ.

"ಸದ್ದು ನಿಂತುಹೋಯ್ತು," ಎಂದಳು.

"ಇಲ್ಲ, ಬರ್ತಾನೆ, ಇಂಧನ ತುಂಬಿಸ್ಕೊಂಡು—"

"ವಿಮಾನದ್ದಲ್ಲ."

ಅವನ ಕಿವಿಯ ಹತ್ತಿರ ಫೋನ್ ಹಾಗೆಯೇ ಇತ್ತು. ಆ ಕಡೆ ಮೋರೀನ್ ಯಾರಿಗೋ ಬೇಗ ಬೇಗ ಏನೋ ಹೇಳುತ್ತಿದ್ದಳು, ಸೂಜಿ, ಬಾಟಲಿ ಎಂದೇನೋ. ತಾನಿಸ್‌ಳ ಧ್ವನಿ ಕೇಳಲಿಲ್ಲ. "ತಾನಿಸ್?" ಎಂದ.

"ಉಸಿರಾಡ್ತಿದಾಳೆ," ಎಂದಳು ಲೋರ್ನಾ. "ಇವಳನ್ನೂ ಕಳ್ಕೊಳ್ಳೋಕೆ ಮುಂಚೆ ಆ ವಿಮಾನ ತರ್ಸು."

ಎರಡನೇ ಸಲ ಗ್ರೆಗ್ ಕೇಳಲೂ ಇಲ್ಲ, ಸೈಲಸ್ ಹೇಳಲೂ ಇಲ್ಲ. ಆಕಾಶ ತೊಳೆದಿಟ್ಟಂತಿತ್ತು. ವಿಮಾನ ನೇರ ಬಂದು ಇಳಿಯಿತು. ಮಂಗಳವಾರದ ವಿಮಾನದಷ್ಟೇ ಸಲೀಸಾಗಿ, ಜಲ್ಲಿಯ ಮೇಲೆ ಎರಡು ಸಲ ಪುಟಿದು. ಗ್ರೆಗ್ ಮೆಟ್ಟಿಲಿಳಿದವನು ಮೊದಲು ನೋಡಿದ್ದು ಟ್ಯಾಂಕಿನ ಕಡೆ.

ತಾನಿಸ್‌ಳನ್ನು ಟ್ರಕ್ಕಿನಿಂದ ಇಳಿಸಿದರು. ಮುಖ ಸುಣ್ಣವಾಗಿತ್ತು. ಕಂಬಳಿಯೊಳಗೆ ಹೊಟ್ಟೆ ಮೊದಲಿನಷ್ಟೇ ಎತ್ತರವಿತ್ತು. ವಿಮಾನದೊಳಗೆ ಜೊತೆಗೆ ಹೋಗಲು ಒಂದೇ ಸೀಟು. ಲೋರ್ನಾ ವೆಸ್ಲಿಯ ಬೆನ್ನಿಗೆ ಕೈಹಾಕಿ ಮುಂದೆ ತಳ್ಳಿದಳು.

"ಎಷ್ಟು ಹೊತ್ತು ಅಪ್ಪಾ?" ಎಂದಳು ತಾನಿಸ್.

ಸೈಲಸ್‌ನ ಬಾಯಲ್ಲಿ ಆ ಎರಡು ಪದ ಸಿದ್ಧವಾಗಿದ್ದವು. ಹೊರಬರಲಿಲ್ಲ.

"ಗಾಳಿ ಹಿಂದಿನಿಂದ ಇದೆ," ಎಂದ. "ಬೇಗ ಹೋಗುತ್ತೆ."

ಬಾಗಿಲು ಹಾಕುವ ಮೊದಲು ಗ್ರೆಗ್ ಅವನ ಹತ್ತಿರ ಬಂದ. ಕೈಗವಸು ಕಳಚಿ ಕೈಯಲ್ಲಿ ಹಿಡಿದಿದ್ದ.

"ಇತ್ತಾ?"

"ಇತ್ತು."

"ಇಡೀ ಮೈಲಿ?"

"ಒಂದೂಕಾಲು ಅನ್ನಬಹುದಿತ್ತು. ನಾನು ಒಂದೇ ಅಂದೆ."

ಗ್ರೆಗ್ ಗವಸು ಹಾಕಿಕೊಂಡ, ತಪ್ಪು ಕೈಗೆ. ತೆಗೆದು ಮತ್ತೆ ಹಾಕಿಕೊಂಡ. ಓಡಿ ಹೋಗಿ ವಿಮಾನ ಹತ್ತಿದ.

ಮೂವತ್ತೆಂಟು ನಿಮಿಷದಲ್ಲಿ ಮೆಕ್‌ಲಾರನ್ ತಲುಪಿತು.

ತಾನಿಸ್ ಉಳಿದಳು. ಸಂಜೆಗೆ ಮೋರೀನ್ ಬಂದು ಹೇಳಿದಳು, ಹೆಣ್ಣಾಗಿತ್ತು, ತಲೆತುಂಬ ಕೂದಲಿತ್ತಂತೆ. ಊರಿನವರು ಒಬ್ಬೊಬ್ಬರಾಗಿ ಸಾರು, ರೊಟ್ಟಿ ತಂದು ಮೇಜಿನ ಮೇಲಿಟ್ಟರು. ಯಾರೂ ಕೂರಲಿಲ್ಲ. ಸೈಲಸ್‌ನ ಮುಖ ನೋಡಲು ಅವರಿಗೆ ಆಗುತ್ತಿರಲಿಲ್ಲ. ಹಾಕಿ ಹುಡುಗರ ತಾಯಂದಿರಿದ್ದರು, ಹ್ಯಾರಿಯೆಟ್‌ಳ ಮಗನಿದ್ದ. ಹೆನ್ರಿ ಮಾತ್ರ ಬಾಗಿಲಲ್ಲೇ ನಿಂತು, "ನಾನು ಆಣೆ ಇಡಬಾರದಿತ್ತು ಕಣೋ," ಎಂದ. ಯಾವ ಸಲದ್ದು ಎಂದು ಸೈಲಸ್ ಕೇಳಲಿಲ್ಲ.

ಈ ಊರಿನವರು ತಮ್ಮವರ ಶವಪೆಟ್ಟಿಗೆಯನ್ನು ತಾವೇ ಮಾಡುತ್ತಾರೆ. ಸೈಲಸ್ ತೆಳುವಾದ ಪ್ಲೈವುಡ್ ಕೊಯ್ದು, ಅಂಚು ಉಜ್ಜಿ, ಮೊಳೆ ಹೊಡೆದ. ಅಳತೆ ಕೇಳಲು ಮೆಕ್‌ಲಾರನ್‌ಗೆ ಫೋನ್ ಮಾಡಬೇಕಿತ್ತು, ಮಾಡಿದ. ಒಳಗೆ ಹಾಸಲು ತನ್ನದೊಂದು ಫ್ಲಾನಲ್ ಶರ್ಟ್ ಹರಿದ. ಲೋರ್ನಾ ಎರಡು ದಿನದಿಂದ ಅವನೊಂದಿಗೆ ಮಾತಾಡಿರಲಿಲ್ಲ. ಅವನು ಮುಚ್ಚಳ ಇಡುವ ಹೊತ್ತಿಗೆ ಬಂದಳು. ಮಗುವನ್ನು ಸುತ್ತಲೆಂದು ಬೇಸಿಗೆಯಿಡೀ ಕೂತು ಕಡವೆ ತೊಗಲಿನಲ್ಲಿ ಹೊಲಿದ ಚೀಲ ಅವಳ ಕೈಯಲ್ಲಿತ್ತು. ಎದೆಯ ಭಾಗದಲ್ಲಿ ನೀಲಿ ಮಣಿಯ ಹೂವು. ಒಂದು ಎಸಳು ಇನ್ನೂ ಮುಗಿದಿರಲಿಲ್ಲ. ಅದನ್ನು ಪೆಟ್ಟಿಗೆಯೊಳಗಿಟ್ಟಳು.

ಶುಕ್ರವಾರ ಮೆಕ್‌ಲಾರನ್‌ಗೆ ಹೋಗುವ ವಿಮಾನಕ್ಕೆ ಮಗುವನ್ನು ತರಿಸಲೆಂದು ಪೆಟ್ಟಿಗೆಯನ್ನು ಇಬ್ಬರೂ ತಂದರು. ಹೆನ್ರಿ ಅದನ್ನು ಹಾಗೆಯೇ ಒಯ್ಯಲು ಹೋದ.

"ತೂಗು," ಎಂದಳು ಲೋರ್ನಾ.

"ಬೇಡ ಬಿಡಕ್ಕಾ, ಇದಕ್ಕೇನು—"

"ತೂಗು. ತೂಕನಾದ್ರೂ ಸರಿಯಾಗಿ ಬರಿ."

ಹೆನ್ರಿ ಪೆಟ್ಟಿಗೆಯನ್ನು ತಕ್ಕಡಿಯ ಮೇಲಿಟ್ಟ. ಚೀಲ ಸೇರಿ ಮೂರೂವರೆ ಕಿಲೋ. ಬರೆದ.

ಮಂಗಳವಾರ ಬೆಳಿಗ್ಗೆ ಸೈಲಸ್ ಎಂದಿನ ಹೊತ್ತಿಗೆ ರೇಡಿಯೋ ಕೋಣೆಯಲ್ಲಿದ್ದ. ಬೇಡವೆಂದು ಹೆನ್ರಿ ಹೇಳಿದರೂ ಬಂದಿದ್ದ. ಕೆರೆಯ ಅಂಚಿನಲ್ಲಿ ಗಾಜಿನಂತೆ ತೆಳ್ಳನೆಯ ಪದರ ಕಟ್ಟಿತ್ತು. ಸಣ್ಣಗೆ ಹಿಮ ಬೀಳುತ್ತಿತ್ತು.

"ಆಟರ್ ನೆಕ್, ಹತ್ತು ನಿಮಿಷದಲ್ಲಿ ಬರ್ತಿದೀವಿ." ಗ್ರೆಗ್ ಅಲ್ಲ. ಹೊಸ ಹುಡುಗಿ, ಹೆಸರು ಗೊತ್ತಿರಲಿಲ್ಲ. "ಎಷ್ಟು ಕಾಣ್ತಿದೆ?"

ಸೈಲಸ್ ಶೆಡ್ಡು ನೋಡಿದ, ಶಿಲುಬೆ ನೋಡಿದ. ಟ್ಯಾಂಕಿನ ಮೂರು ಕಾಲು ಕಾಣುತ್ತಿದ್ದವು. ನಾ‌ಲ್ಕನೆಯದು ಹಿಮದಲ್ಲಿ ಕಂಡಂತೆಯೂ ಇತ್ತು, ಕಾಣದಂತೆಯೂ ಇತ್ತು.

"ಮುಕ್ಕಾಲು," ಎಂದ.

"ಹಾಗಿದ್ರೆ ಒಂದಾಗೋವರೆಗೂ ಮೇಲೇ ಇರ್ತೀನಿ."

"ಇರು."

ಬೆಂಚಿನ ಮೇಲೆ ಲೋರ್ನಾ ಕೂತಿದ್ದಳು. ವಿಮಾನ ಮೇಲೆ ಸುತ್ತುವುದು ಅವಳಿಗೂ ಕೇಳುತ್ತಿತ್ತು. ತಾನಿಸ್ ಮತ್ತು ವೆಸ್ಲಿ ಅದರಲ್ಲಿದ್ದರು. ಸೈಲಸ್ ಕಿಟಕಿ ಒರೆಸಿ, ನಾಲ್ಕನೆಯ ಕಾಲು ಕಾಣುವವರೆಗೆ ನಿಂತಿದ್ದ.

ವಿಮಾನ ಇಳಿದ ಮೇಲೆ ಹೆನ್ರಿ ಪೆಟ್ಟಿಗೆಯನ್ನು ತಂದು ಕೌಂಟರಿನ ಮೇಲಿಟ್ಟ. ಮೆಕ್‌ಲಾರನ್‌ನವರು ಅದಕ್ಕೆ ಎಲ್ಲ ಸಾಮಾನಿಗೂ ಕಟ್ಟುವಂಥ ಚೀಟಿ ಕಟ್ಟಿದ್ದರು. ಸೈಲಸ್ ಚೀಟಿಯನ್ನು ತಿರುಗಿಸಿ ಓದಿದ. ಆರು ಕಿಲೋ ಇನ್ನೂರು ಗ್ರಾಂ.

ಹೋಗುವಾಗ ಮೂರೂವರೆ ಇತ್ತು.

ಎರಡು ಕಿಲೋ ಏಳುನೂರು ಗ್ರಾಂ.